ಪದಗಳ ಗೊಡವೆ ನಮಗೇಕೆ ಎನ್ನುವವರಿಗೆ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದ ಪತ್ರ ನನ್ನನ್ನು ಕೆಣಕಿದೆ. ಹೊಡೆತ ತಿಂದು ಬರುವ ಹೆಣ್ಣಿಗೆ ಬೇಕಾದದ್ದು ಒಂದು ಸೂರು, ಎರಡು ಹೊತ್ತಿನ ಊಟ, ಒಬ್ಬ ವಕೀಲರು. ಅವಳ ಮುಂದೆ ಪದಗಳ ಚರ್ಚೆ ಯಾಕೆ? ಲಿಂಗತ್ವ, ಪುರುಷಪ್ರಧಾನತೆ ಮುಂತಾದ ಭಾರದ ಮಾತುಗಳನ್ನು ಓದಿಕೊಂಡವರು ತಮ್ಮತಮ್ಮಲ್ಲೇ ಇಟ್ಟುಕೊಳ್ಳಲಿ. ಇದು ಅವರ ವಾದದ ಸಾರ.

ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಇದೇ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ವಾರಕ್ಕೆರಡು ದಿನ ನಮ್ಮೂರಿನ ಸಲಹಾ ಕೇಂದ್ರದಲ್ಲಿ ಕೂರುತ್ತೇನೆ. ಕಣ್ಣು ಊದಿಸಿಕೊಂಡು ಬಂದವಳ ಮುಂದೆ ನಿಘಂಟು ತೆರೆಯುವಷ್ಟು ದಡ್ಡಿ ನಾನಲ್ಲ. ಆದರೆ "ಪದಗಳ ಗೊಡವೆ ನಮಗೇಕೆ" ಎನ್ನುವ ಮಾತು ತಪ್ಪು ಎಂದು ಈಗ ಖಚಿತವಾಗಿದೆ. ಬರೀ ತಪ್ಪಲ್ಲ, ಅಪಾಯಕಾರಿ. ಯಾಕೆಂದು ಹೇಳಲು ಸ್ವಲ್ಪ ದೂರದಿಂದ, ಸ್ಲೊವಾಕಿಯಾದಿಂದ ಶುರು ಮಾಡಬೇಕು. ಸಾವಧಾನದಿಂದ ಓದಿ.

ನನ್ನ ಮಗಳು ಕೆಲಸದ ಮೇಲೆ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿದ್ದಾಳೆ. ಮಧ್ಯ ಯೂರೋಪಿನ ಪುಟ್ಟ ದೇಶ ಅದು. 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ಎರಡಾದಾಗ ಸ್ವತಂತ್ರವಾದದ್ದು. ಇಡೀ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿ ಅವಳು ಸಂಜೆಯ ತರಗತಿಗೆ ಹೋಗಿ ಸ್ಲೊವಾಕ್ ಭಾಷೆ ಕಲಿಯುತ್ತಿದ್ದಾಳೆ. ಒಂದು ದಿನ ಎರಡು ಪುಟಗಳ ಪದಪಟ್ಟಿಯೊಂದನ್ನು ನನಗೆ ಕಳಿಸಿದಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಸ್ಲೊವಾಕ್ ಅರ್ಥ. ಮೊದಲ ಪುಟದಲ್ಲಿ ಬಟ್ಟೆಬರೆಯ ಪದಗಳು, ಎರಡನೆಯದರಲ್ಲಿ ಗಂಡು, ಹೆಣ್ಣು, ಮದುವೆ, ಲಿಂಗತ್ವ. "ಅಮ್ಮಾ, ಮೂರನೇ ಕಾಲಮ್ಮಿಗೆ ಕನ್ನಡ ಬರೆದುಕೊಡು, ನೆನಪಿಟ್ಕೊಳ್ಳೋಕೆ ಸುಲಭ" ಅಂದಳು. ಹತ್ತು ನಿಮಿಷದ ಕೆಲಸ ಎಂದುಕೊಂಡು ಕೂತೆ. ಹದಿನೈದು ದಿನ ಹಿಡಿಯಿತು.

ಮೊದಲು ಬಟ್ಟೆಯ ಪುಟ ನೋಡೋಣ. ಸ್ಕರ್ಟಿಗೆ ಸ್ಲೊವಾಕಿನಲ್ಲಿ ‘ಸುಕ್ನ್ಯಾ’. ಪ್ಯಾಂಟಿಗೆ ‘ನೊಹವಿತ್ಸೆ’, ಕಾಲು ಎಂಬರ್ಥದ ‘ನೊಹಾ’ದಿಂದ ಬಂದದ್ದು. ಇದಕ್ಕೇ ‘ಪುಟ್ಟ’ ಎನ್ನುವ ಪ್ರತ್ಯಯ ಹಚ್ಚಿದರೆ ‘ನೊಹವಿಚ್ಕಿ’, ಅಂದರೆ ಹೆಂಗಸರ ಒಳಉಡುಪು. ಇಂಗ್ಲಿಷಿನಲ್ಲೂ ಅಷ್ಟೇ, ಪ್ಯಾಂಟ್ಸ್ ಎನ್ನುವುದರ ಮರಿ ಪ್ಯಾಂಟೀಸ್. ಎರಡೂ ಭಾಷೆಗಳು ಹೆಣ್ಣಿನ ಬಟ್ಟೆಯನ್ನು ಮುದ್ದು ಮಾಡುವ ನೆಪದಲ್ಲಿ ಚಿಕ್ಕದು ಮಾಡಿವೆ. ಇಂಗ್ಲಿಷಿನ ಶರ್ಟ್ ಮತ್ತು ಸ್ಕರ್ಟ್ ಕೂಡ ಮೂಲದಲ್ಲಿ ಒಂದೇ ಪದ. ಒಂದು ಗಂಡಿನ ಹೆಗಲೇರಿತು, ಇನ್ನೊಂದು ಹೆಣ್ಣಿನ ಸೊಂಟಕ್ಕಿಳಿಯಿತು.

ಬಟ್ಟೆಗೆ ‘ಶಾತಿ’ ಎನ್ನುತ್ತಾರೆ. ‘ಬಟ್ಟೆಯೇ ಗಂಡಸನ್ನು ಮಾಡುತ್ತದೆ’ ಎಂಬರ್ಥದ ಗಾದೆ ಇಂಗ್ಲಿಷಿನಲ್ಲಿದೆಯಲ್ಲ, ಸ್ಲೊವಾಕರು ಅದನ್ನು ‘ಬಟ್ಟೆ ಮನುಷ್ಯರನ್ನು ಮಾಡುತ್ತದೆ’ ಎನ್ನುತ್ತಾರೆ. ಗಂಡಸು ಎನ್ನದೆ ಮನುಷ್ಯ ಎಂಬ ಪದವನ್ನೇ ಬಳಸುತ್ತಾರೆ. ಪರವಾಗಿಲ್ಲ, ಇವರು ಇಂಗ್ಲಿಷಿನವರಿಗಿಂತ ಮೇಲು ಎಂದುಕೊಂಡೆ. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

ಮನೆಯಲ್ಲಿ ಹೆಂಡತಿಯ ಮಾತು ನಡೆಯುತ್ತಿದ್ದರೆ ಇಂಗ್ಲಿಷರು ‘ಅಲ್ಲಿ ಪ್ಯಾಂಟು ಹಾಕುವವಳು ಅವಳು’ ಎಂದು ನಗುತ್ತಾರೆ. ಸ್ಲೊವಾಕರೂ ಅದನ್ನೇ ‘ನೊಹವಿತ್ಸೆ’ ಹೆಸರು ಹೇಳಿ ನಗುತ್ತಾರೆ. ಹೆಣ್ಣುಗಳ ಬೆನ್ನು ಹತ್ತುವವನಿಗೆ ಇಂಗ್ಲಿಷಿನಲ್ಲಿ ಸ್ಕರ್ಟ್ ಬೆನ್ನಟ್ಟುವವನು ಎನ್ನುವ ಮಾತಿದೆ, ಸ್ಲೊವಾಕಿನಲ್ಲಿ ‘ಸುಕ್ನಿಚ್ಕಾರ್’. ಅದೂ ಸ್ಕರ್ಟಿನಿಂದಲೇ ಬಂದದ್ದು. ಅವನು ಬೆನ್ನಟ್ಟುತ್ತಿರುವುದು ಒಂದು ಬಟ್ಟೆಯನ್ನಂತೆ! ಒಳಗೆ ಒಂದು ಜೀವ ಇದೆ ಎಂಬುದು ಎರಡೂ ಭಾಷೆಗಳಿಗೆ ಮರೆತುಹೋಗಿದೆ. ಅಮ್ಮನನ್ನು ಬಿಟ್ಟಿರದ ಗಂಡುಮಗನನ್ನು ಇಂಗ್ಲಿಷರು ಅಮ್ಮನ ಏಪ್ರನ್ನಿನ ದಾರಕ್ಕೆ ಕಟ್ಟುತ್ತಾರೆ, ಸ್ಲೊವಾಕರು ಅಮ್ಮನ ‘ಸುಕ್ನ್ಯಾ’ ಹಿಡಿಸುತ್ತಾರೆ, ನಾವು ಸೆರಗು ಹಿಡಿಸುತ್ತೇವೆ. ಮೂರನೆಯ ಕಾಲಮ್ಮಿಗೆ ಪದ ಹುಡುಕಬೇಕಾಗಿಯೇ ಬರಲಿಲ್ಲ ನೋಡಿ.

ಹೆಂಡತಿಯ ಮಾತು ಕೇಳುವ ಗಂಡ ಸ್ಲೊವಾಕಿನಲ್ಲಿ ‘ಪಾಪುಚಾ’ದ ಅಡಿಯಲ್ಲಿರುವವನು. ಪಾಪುಚಾ ಎಂದರೆ ಮನೆಯೊಳಗೆ ಹಾಕುವ ಮೆಟ್ಟು. ಈ ಪದ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಯೋಚಿಸಿದೆ. ನಮ್ಮಜ್ಜಿ ಚಪ್ಪಲಿಗೆ ‘ಪಾಪಾಸು’ ಎನ್ನುತ್ತಿದ್ದರು. ಬೇಲಿಯ ಮೇಲೆ ಬೆಳೆಯುವ ಪಾಪಾಸುಕಳ್ಳಿಯಲ್ಲಿ ಆ ಪದ ಇವತ್ತೂ ಉಳಿದಿದೆ. ಫಾರಸಿಯ ಒಂದು ಪದ ತುರ್ಕರ ಮೂಲಕ ಅವರ ಮನೆಗೆ ಹೋಯಿತು, ಸುಲ್ತಾನರ ಕಾಲದಲ್ಲಿ ನಮ್ಮ ಮನೆಗೆ ಬಂತು. ಎರಡೂ ಕಡೆ ಅದು ಹೆಣ್ಣಿನ ಕಾಲಲ್ಲಿದ್ದರೆ ಮಾತ್ರ ತಮಾಷೆ. ಗಂಡಿನ ಕಾಲಲ್ಲಿದ್ದರೆ? ಗಂಡನ ಮೆಟ್ಟಿನ ಅಡಿಯಲ್ಲಿರುವ ಹೆಂಡತಿಗೆ ನನ್ನ ಪಟ್ಟಿಯ ಮೂರು ಭಾಷೆಗಳಲ್ಲೂ ನಗೆಯ ಹೆಸರಿಲ್ಲ. ಅವಳಿಗೆ ‘ಹೆಂಡತಿ’ ಎಂದರೆ ಸಾಕಲ್ಲ!

ಇನ್ನು ಹೆದರುಪುಕ್ಕಲನಿಗೆ ಇರುವ ಪದ. ಸ್ಲೊವಾಕಿನಲ್ಲಿ ‘ಜ್ಬಾಬೆಲೆತ್ಸ್’. ಅದರ ಹೊಟ್ಟೆಯೊಳಗೆ ಕೂತಿರುವುದು ‘ಬಾಬಾ’, ಅಂದರೆ ಮುದುಕಿ, ಹೆಂಗಸು. ಇಂಗ್ಲಿಷಿನ ಸಿಸ್ಸಿ ಸಿಸ್ಟರ್‌ನಿಂದ ಬಂದದ್ದು. ನಮ್ಮಲ್ಲಿ ‘ಹೆಣ್ಣಿಗ’ ಇದ್ದಾನೆ, ಅವನ ಕೈಗೆ ತೊಡಿಸಲು ಬಳೆ ಇದೆ, ಉಡಿಸಲು ಸೀರೆ ಇದೆ. ಚುನಾವಣಾ ಸಭೆಗಳಲ್ಲಿ "ತಾಕತ್ತಿಲ್ಲದಿದ್ದರೆ ಬಳೆ ತೊಟ್ಟುಕೊಳ್ಳಲಿ" ಎಂದು ಎದುರಾಳಿಗೆ ಸವಾಲು ಹಾಕುವವರನ್ನು ನಾವೆಲ್ಲ ಕೇಳಿದ್ದೇವೆ. ವೇದಿಕೆಯ ಕೆಳಗೆ ಬಳೆ ತೊಟ್ಟು ಕೂತ ಹೆಂಗಸರೂ ಚಪ್ಪಾಳೆ ತಟ್ಟುತ್ತಾರೆ. ಗಟ್ಟಿಯಾಗಿ ನಿಲ್ಲುವ ಹೆಣ್ಣಾದರೂ ಬಚಾವೇ? ಇಲ್ಲ. ಅವಳಿಗೆ ಸ್ಲೊವಾಕಿನಲ್ಲಿ ‘ಮುಝಾತ್ಕಾ’, ಕನ್ನಡದಲ್ಲಿ ‘ಗಂಡುಬೀರಿ’. ಹೆಣ್ಣಿನ ಹಾಗಿರುವ ಗಂಡು ಕೀಳಾದ, ಗಂಡಿನ ಹಾಗಿರುವ ಹೆಣ್ಣು ಕೆಟ್ಟಳು. ಬೇಲಿ ಹಾಕಿದ್ದು ಯಾರೆಂದು ಬೇರೆ ಹೇಳಬೇಕೆ?

ಎರಡನೆಯ ಪುಟಕ್ಕೆ ಬಂದಾಗ ನನ್ನ ನಗು ನಿಂತಿತು. ಮದುವೆಯಾಗು ಎನ್ನಲು ಸ್ಲೊವಾಕಿನಲ್ಲಿ ಹೆಣ್ಣಿಗೊಂದು, ಗಂಡಿಗೊಂದು ಬೇರೆ ಬೇರೆ ಕ್ರಿಯಾಪದ. ಗಂಡು ‘ಒಝೆನಿತ್ ಸಾ’, ಅದರೊಳಗೆ ‘ಝೆನಾ’ ಎಂದರೆ ಹೆಣ್ಣು, ಹೆಂಡತಿ ಇದ್ದಾಳೆ. ಅವನು ಹೆಂಡತಿಯನ್ನು ಪಡೆಯುತ್ತಾನೆ. ಹೆಣ್ಣು ‘ವಿದಾತ್ ಸಾ’. ‘ವಿದಾತ್’ ಎಂದರೆ ಹೊರಗೆ ಕೊಡು, ಒಪ್ಪಿಸು. ದುಡ್ಡು ಖರ್ಚು ಮಾಡುವುದಕ್ಕೂ, ಪುಸ್ತಕ ಪ್ರಕಟಿಸುವುದಕ್ಕೂ ಅದೇ ಕ್ರಿಯಾಪದ. ಅವಳು ತನ್ನನ್ನು ಕೊಟ್ಟುಬಿಡುತ್ತಾಳೆ. ಮಗಳು ಇದನ್ನು ಫೋನಿನಲ್ಲಿ ಹೇಳಿ "ಎಂಥ ವಿಚಿತ್ರ ಅಲ್ವಾ ಅಮ್ಮಾ?" ಎಂದಳು. ವಿಚಿತ್ರವೇನು ಬಂತು? "ಮಗಳನ್ನ ಎಲ್ಲಿಗೆ ಕೊಟ್ಟಿದೀರಿ?" "ಶಿವಮೊಗ್ಗಕ್ಕೆ ಕೊಟ್ಟಿದೀವಿ." "ಮಗನಿಗೆ ಎಲ್ಲಿಂದ ತಂದ್ರಿ?" "ಹಾವೇರಿ ಕಡೆಯಿಂದ ತಂದ್ವಿ." ದಿನಾ ಆಡುತ್ತೇವೆ. ಕೊಟ್ಟದ್ದನ್ನು ವಾಪಸು ಕೇಳುವುದು ಮರ್ಯಾದೆಯಲ್ಲ ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಹಲ್ಲು ಮುರಿಸಿಕೊಂಡು ತವರಿಗೆ ಬಂದ ಮಗಳನ್ನು ಅದೇ ಸಂಜೆ ಬಸ್ಸು ಹತ್ತಿಸಿದ ತಾಯಿಯೊಬ್ಬರು ನಮ್ಮ ಕೇಂದ್ರದಲ್ಲಿ ಅಳುತ್ತಾ ಹೇಳಿದ್ದು ಒಂದೇ ಮಾತು: "ಕೊಟ್ಟಾಗಿತ್ತಲ್ಲಾ ಮೇಡಂ." ಆ ತಾಯಿ ಕಲ್ಲೆದೆಯವಳಲ್ಲ. ಅವಳ ಬಾಯಲ್ಲಿ ಬೇರೆ ಪದವಿರಲಿಲ್ಲ, ಅಷ್ಟೆ.

ಮದುವೆಯ ಉಡುಪಿನ ವಿಷಯಕ್ಕೆ ಬನ್ನಿ. ಸ್ಲೊವಾಕಿಯಾದ ಹಳ್ಳಿಗಳಲ್ಲಿ ಮದುವೆಯಾಗದ ಹುಡುಗಿ ಹಬ್ಬಕ್ಕೆ, ಮದುವೆಗೆ ‘ಪಾರ್ತಾ’ ಎಂಬ ಅಲಂಕಾರದ ಮುಡಿ ತೊಡುತ್ತಿದ್ದಳು. ಮದುವೆಯ ರಾತ್ರಿ ಹಿರಿಯ ಮುತ್ತೈದೆಯರು ಅದನ್ನು ತೆಗೆದು, ಜಡೆ ಕಟ್ಟಿ, ಕೂದಲು ಮುಚ್ಚುವ ‘ಚೆಪಿಯೆತ್ಸ್’ ಎಂಬ ಕುಲಾವಿ ಹಾಕುತ್ತಿದ್ದರು. ಅಲ್ಲಿಂದಾಚೆಗೆ ಆಕೆಯ ಕೂದಲು ಊರಿನ ಕಣ್ಣಿಗೆ ಬೀಳಬಾರದು. ಇವತ್ತೂ ಅನೇಕ ಮದುವೆಗಳಲ್ಲಿ ಮಧ್ಯರಾತ್ರಿ ಹಾಡು ಹೇಳಿ ಈ ಶಾಸ್ತ್ರವನ್ನು ಆಟದಂತೆ ಮಾಡುತ್ತಾರೆ. ಆಟವೇ ಇರಬಹುದು, ಆದರೆ ಭಾಷೆಯಲ್ಲಿ ಹೆಣ್ಣು ಮದುವೆಯಾಗುವುದಕ್ಕೆ ‘ಚೆಪಿಯೆತ್ಸಿನ ಅಡಿಗೆ ಹೋಗುವುದು’ ಎಂಬ ಮಾತು ಹಾಗೇ ಉಳಿದಿದೆ. ಗಂಡಿನ ತಲೆ ಮದುವೆಗೆ ಮೊದಲೂ ಬರಿದು, ಆಮೇಲೂ ಬರಿದು. ನಮ್ಮ ತಾಳಿ, ಕಾಲುಂಗುರ, ಕುಂಕುಮಗಳ ಲೆಕ್ಕ ನಿಮಗೇ ಗೊತ್ತು. ಹೆಣ್ಣಿನ ಮೈ ಒಂದು ಸಾರ್ವಜನಿಕ ಫಲಕ. ಯಾರ ಸ್ವತ್ತೆಂದು ಅದರ ಮೇಲೆ ಬರೆದಿರಬೇಕು. ಸ್ಲೊವಾಕಿನಲ್ಲಿ ಅದನ್ನು ಹೆಸರಿನ ತುದಿಗೂ ಬರೆಯುತ್ತಾರೆ. ನೊವಾಕ್ ಎಂಬವನ ಹೆಂಡತಿ, ಮಗಳು ‘ನೊವಾಕೊವಾ’. ಆ ‘ಒವಾ’ ಹುಟ್ಟಿದ್ದು ಷಷ್ಠಿ ವಿಭಕ್ತಿಯಂಥ ಪ್ರತ್ಯಯದಿಂದ. ನೊವಾಕನವಳು!

ವರದಕ್ಷಿಣೆಗೆ ಅಲ್ಲಿ ‘ವೆನೊ’ ಎಂಬ ಪದವಿದೆ. ಹಿಂದೆಲ್ಲ ಹುಡುಗಿಯ ಜೊತೆ ಗಂಡನ ಮನೆಗೆ ಗರಿ ತುಂಬಿದ ಹಾಸಿಗೆ, ನೂತು ನೇಯ್ದ ಬಟ್ಟೆ, ಉಳ್ಳವರಾದರೆ ಹಸು ಹೋಗುತ್ತಿತ್ತು. ಬಟ್ಟೆಗಳನ್ನೆಲ್ಲ ಬಣ್ಣದ ಹೂವು ಬಿಡಿಸಿದ ಮರದ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು. ಆ ಪೆಟ್ಟಿಗೆಗೆ ‘ತ್ರುಹ್ಲಾ’ ಎನ್ನುತ್ತಾರೆ ಎಂದು ಮಗಳು ಬರೆದಿದ್ದಳು. ಪಕ್ಕದಲ್ಲಿ ಎರಡನೆಯ ಅರ್ಥ: ಶವಪೆಟ್ಟಿಗೆ.

ಅದನ್ನು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಸ್ಲೊವಾಕರ ಮೇಲೆ ಸುಳ್ಳು ಆರೋಪ ಹೊರಿಸಲಾರೆ. ಅವರಲ್ಲಿ ಪೆಟ್ಟಿಗೆ ಎಂದರೆ ಪೆಟ್ಟಿಗೆ, ಬಟ್ಟೆಗೂ ಆಯಿತು, ಹೆಣಕ್ಕೂ ಆಯಿತು. ಎರಡನ್ನೂ ಒಂದೇ ಹುಡುಗಿಯ ಹೆಸರಿಗೆ ಬರೆದವರು ನಾವು.

ಈಗ ಪತ್ರ ಬರೆದ ಓದುಗರ ಪ್ರಶ್ನೆಗೆ ಬರುತ್ತೇನೆ. ಇವೆಲ್ಲ ಗಾದೆ, ಬೈಗುಳ, ಹಳೆಯ ಸಂಪ್ರದಾಯ. ಇವುಗಳಿಂದ ನಿಜವಾದ ಹೆಣ್ಣಿಗೆ ನಿಜವಾದ ಏಟು ಬೀಳುತ್ತದೆಯೇ? ಬೀಳುತ್ತದೆ. ಒಂದೇ ಒಂದು ಪದವನ್ನು ಮುಂದಿಟ್ಟು ಒಂದು ದೇಶ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ ಕಥೆ ಕೇಳಿ.

ಇಂಗ್ಲಿಷಿನ ‘ಜೆಂಡರ್’ ಎಂಬುದಕ್ಕೆ ಮಗಳ ಪಟ್ಟಿಯಲ್ಲಿದ್ದ ಸ್ಲೊವಾಕ್ ಅರ್ಥ ‘ರೊದ್’. ಮೈಯ ಗಂಡು-ಹೆಣ್ಣಿಗೆ ಬೇರೆಯೇ ಪದ, ‘ಪೊಹ್ಲಾವಿಯೆ’. ‘ರೊದ್’ ಎಂದರೆ ವ್ಯಾಕರಣದ ಲಿಂಗ, ಜೊತೆಗೆ ಕುಲ, ವಂಶ. ಅದೇ ಬೇರಿನಿಂದ ಹೆರುವುದಕ್ಕೆ ‘ರೊದಿತ್’, ಕುಟುಂಬಕ್ಕೆ ‘ರೊದಿನಾ’, ಜನಾಂಗಕ್ಕೆ ‘ನಾರೊದ್’, ಪ್ರಕೃತಿಗೆ ‘ಪ್ರೀರೊದಾ’. ಎಂಥ ಸಂಸಾರವಂದಿಗ ಪದ ನೋಡಿ! ಅದರ ಅಕ್ಕತಂಗಿಯರೆಲ್ಲ ತೊಟ್ಟಿಲು, ಮನೆ, ನಾಡು. ಸ್ವತಂತ್ರ ಸ್ಲೊವಾಕಿಯಾ ಹುಟ್ಟಿದ 1993ರಲ್ಲೇ ಬ್ರಾಟಿಸ್ಲಾವಾದಲ್ಲಿ ‘ಆಸ್ಪೆಕ್ಟ್’ ಎಂಬ ಸ್ತ್ರೀವಾದಿ ಪತ್ರಿಕೆ ಶುರುವಾಯಿತು. ನಮ್ಮ ಈ ಪತ್ರಿಕೆಯಂತೆಯೇ ಕೆಲವು ಹೆಂಗಸರು ಕೂಡಿ ಕಟ್ಟಿದ್ದು. ಹೊಸ ವಿಚಾರಕ್ಕೆ ತಮ್ಮ ನುಡಿಯಲ್ಲೇ ಪದಗಳನ್ನು ಹುಡುಕಿ, ಪರಿಚಯಿಸಿ, ವಾದಿಸಿದವರು ಇಂಥವರು.

2011ರ ಮೇ 11ರಂದು ಕೌನ್ಸಿಲ್ ಆಫ್ ಯೂರೋಪ್ ಮಹಿಳೆಯರ ಮೇಲಿನ ಹಿಂಸೆ ಮತ್ತು ಕೌಟುಂಬಿಕ ಹಿಂಸೆಯ ವಿರುದ್ಧದ ಒಡಂಬಡಿಕೆಯನ್ನು ಇಸ್ತಾಂಬುಲ್ ನಗರದಲ್ಲಿ ಸಹಿಗೆ ಇಟ್ಟಿತು. ಅದೇ ದಿನ ಸಹಿ ಹಾಕಿದ ದೇಶಗಳಲ್ಲಿ ಸ್ಲೊವಾಕಿಯಾವೂ ಒಂದು. ಅದರಲ್ಲಿ ಇದ್ದದ್ದೇನು? ಸಾಕಷ್ಟು ಆಶ್ರಯಧಾಮಗಳು ಇರಬೇಕು. ಇಪ್ಪತ್ನಾಲ್ಕು ಗಂಟೆಯ ಉಚಿತ ದೂರವಾಣಿ ಇರಬೇಕು. ಪ್ರಾಣಕ್ಕೆ ಎಷ್ಟು ಅಪಾಯವಿದೆಯೆಂದು ಅಧಿಕಾರಿಗಳು ಅಂದಾಜು ಮಾಡಬೇಕು. ಹೊಡೆಸಿಕೊಂಡವಳಲ್ಲ, ಹೊಡೆದವನು ಮನೆ ಬಿಟ್ಟು ಹೋಗುವಂತೆ ತುರ್ತು ಆದೇಶ ಕೊಡುವ ಅಧಿಕಾರ ಇರಬೇಕು. ಸಂಪ್ರದಾಯ, ಧರ್ಮ, ಮನೆತನದ ಮರ್ಯಾದೆ ಯಾವುದೂ ಹಿಂಸೆಗೆ ಸಮರ್ಥನೆಯಾಗಕೂಡದು. ಮಾತು ಕೊಟ್ಟ ಹಾಗೆ ನಡೆಯುತ್ತಿದ್ದಾರೆಯೇ ಎಂದು ಸ್ವತಂತ್ರ ತಜ್ಞರ ಸಮಿತಿ ಪರಿಶೀಲಿಸುತ್ತದೆ. ಪತ್ರ ಬರೆದವರೇ, ನೀವು ಕೇಳುವ ಸೂರು, ವಕೀಲರು ಎಲ್ಲ ಇದರಲ್ಲೇ ಇತ್ತು.

ಜೊತೆಗೆ ಒಂದು ವಾಕ್ಯ ಇತ್ತು. ಜೆಂಡರ್ ಎಂದರೆ ಸಮಾಜವೊಂದು ಹೆಣ್ಣಿಗೆ ಇದು ತಕ್ಕದ್ದು, ಗಂಡಿಗೆ ಇದು ತಕ್ಕದ್ದು ಎಂದು ಕಟ್ಟಿಕೊಟ್ಟ ಪಾತ್ರ, ನಡತೆ, ಗುಣಗಳು. ಅಷ್ಟೇ. ‘ಪಾರ್ತಾ’ ಯಾರಿಗೆ, ‘ಚೆಪಿಯೆತ್ಸ್’ ಯಾರಿಗೆ, ಪ್ಯಾಂಟು ಯಾರಿಗೆ ಎನ್ನುವುದನ್ನು ದೇವರು ಕಳಿಸಿದ್ದಲ್ಲ, ನಾವು ಮಾಡಿಕೊಂಡದ್ದು ಎಂಬ ಸರಳ ಸತ್ಯ. ಈ ವಾಕ್ಯದ ಮೇಲೆ ಗಲಾಟೆ ಎದ್ದಿತು. ಈ ಪದ ಕುಟುಂಬವನ್ನು ಒಡೆಯುತ್ತದೆ, ಮಕ್ಕಳನ್ನು ಕೆಡಿಸುತ್ತದೆ, ಇದು ಹೊರಗಿನಿಂದ ಬಂದ ಸಿದ್ಧಾಂತ ಎಂದು ಚರ್ಚಿನ ಹಿರಿಯರೂ ಸಂಪ್ರದಾಯವಾದಿ ಪಕ್ಷಗಳೂ ಕೂಗೆಬ್ಬಿಸಿದವು. 2018ರ ಫೆಬ್ರವರಿಯಲ್ಲಿ ಪ್ರಧಾನಿ ರಾಬರ್ಟ್ ಫಿತ್ಸೊ, ಮದುವೆ ಎಂದರೆ ಗಂಡು ಹೆಣ್ಣಿನ ಸಂಬಂಧ ಎನ್ನುವ ತಮ್ಮ ಸಂವಿಧಾನಕ್ಕೆ ಇದು ಹೊಂದುವುದಿಲ್ಲವೆಂದು ಹಿಂದೆ ಸರಿದರು. 2019ರ ಮಾರ್ಚ್‌ನಲ್ಲಿ ಸಂಸತ್ತು ಈ ಒಡಂಬಡಿಕೆಯನ್ನು ಮುಂದುವರಿಸಬೇಡಿ ಎಂದು ಸರ್ಕಾರಕ್ಕೆ ಹೇಳಿತು. 2020ರ ಫೆಬ್ರವರಿಯಲ್ಲಿ, ಚುನಾವಣೆಗೆ ಕೆಲವೇ ದಿನ ಇದ್ದಾಗ, ಸಮ್ಮತಿ ಕೊಡುವುದಿಲ್ಲವೆಂದು ಮತ ಹಾಕಿತು. ಬಲ್ಗೇರಿಯಾದಲ್ಲೂ 2018ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದೇ ಪದದ ತಕರಾರಿನ ಮೇಲೆ ಒಡಂಬಡಿಕೆಯನ್ನು ತಳ್ಳಿಹಾಕಿತ್ತು. ಇನ್ನು 2025ರ ಸೆಪ್ಟೆಂಬರ್ 26ರಂದು ಸ್ಲೊವಾಕಿಯಾ ತನ್ನ ಸಂವಿಧಾನವನ್ನೇ ತಿದ್ದಿ, ಗಂಡು ಮತ್ತು ಹೆಣ್ಣು ಎಂಬ ಎರಡೇ ‘ಪೊಹ್ಲಾವಿಯೆ’ ಎಂದು ಬರೆಯಿತು. 150 ಸದಸ್ಯರ ಸಂಸತ್ತಿನಲ್ಲಿ ಬೇಕಾಗಿದ್ದದ್ದು 90 ಮತ, ಬಿದ್ದದ್ದೂ 90. ಅದೇ ತಿದ್ದುಪಡಿಯಲ್ಲಿ ಗಂಡು ಹೆಣ್ಣಿಗೆ ಸಮಾನ ವೇತನದ ಮಾತೂ ಸೇರಿದೆ ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಎರಡರಲ್ಲೂ ಒಳಗೊಳ್ಳದವರ ಗತಿ? ಸ್ಕರ್ಟೋ ಪ್ಯಾಂಟೋ ಎಂದು ಕೇಳಿ ಮನುಷ್ಯರನ್ನು ವಿಂಗಡಿಸುವ ದೇಶದಲ್ಲಿ ಅವರು ಯಾವ ಕಾಲಮ್ಮಿಗೆ ಹೋಗಬೇಕು?

ಸ್ಲೊವಾಕಿಯಾದಲ್ಲಿ ಕಾನೂನೇ ಇಲ್ಲವೆಂದಲ್ಲ. ಅಲ್ಲಿನ ದಂಡಸಂಹಿತೆಯ 208ನೆಯ ವಿಧಿಯಡಿ ಮನೆಯೊಳಗಿನ ಹಿಂಸೆ ಅಪರಾಧ. ಅದರ ಹೆಸರು ‘ಹತ್ತಿರದ ವ್ಯಕ್ತಿಯನ್ನು ಹಿಂಸಿಸುವುದು’. ಹತ್ತಿರದ ವ್ಯಕ್ತಿ! ಎಷ್ಟು ಸಭ್ಯವಾದ ಪದ. ಅದರಲ್ಲಿ ಹೆಂಡತಿಯೂ ಇಲ್ಲ, ಗಂಡನೂ ಇಲ್ಲ, ಯಾಕೆ ಹೊಡೆದ ಎನ್ನುವುದಂತೂ ಇಲ್ಲವೇ ಇಲ್ಲ. ಒಡಂಬಡಿಕೆ ಹೇಳಿದ್ದು ಅದನ್ನೇ: ಹೆಣ್ಣಿನ ಮೇಲಿನ ಹಿಂಸೆ ಎಂದರೆ ಇಬ್ಬರು ಹತ್ತಿರದವರ ಜಗಳವಲ್ಲ, ಶತಮಾನಗಳ ಯಜಮಾನಿಕೆಯ ಫಲ. ಆ ಮಾತು ಹೇಳಬಾರದು ಎನ್ನುವುದಕ್ಕಾಗಿಯೇ ಒಂದು ಪದವನ್ನು ಗುಮ್ಮ ಮಾಡಿದರು. ಪದಗಳ ಶಕ್ತಿ ನಮಗೆ ತಿಳಿಯದೇ ಇರಬಹುದು, ಅವರಿಗೆ ಚೆನ್ನಾಗಿ ತಿಳಿದಿದೆ. ತಿಳಿದೇ ಅವರು ಪದಗಳ ಬಾಗಿಲಲ್ಲಿ ಕಾವಲು ನಿಂತಿದ್ದಾರೆ. "ಪದ ಬಿಟ್ಟು ಕೆಲಸ ನೋಡಿ" ಎಂದು ನಮಗೆ ನಾವೇ ಹೇಳಿಕೊಂಡರೆ ಅವರಿಗೆ ಅದಕ್ಕಿಂತ ಸಂತೋಷ ಇನ್ನೇನಿದೆ?

ಹಾಗಾದರೆ ಮೂರನೆಯ ಕಾಲಂ? ‘ಜೆಂಡರ್’ ಎದುರು ನಾನು ‘ಲಿಂಗತ್ವ’ ಎಂದು ಬರೆದು, ನಮ್ಮ ಸಂಘದ ವಾರದ ಸಭೆಯಲ್ಲಿ ಓದಿದೆ. ಹೂ ಮಾರುವ ಹಿರಿಯ ಸದಸ್ಯೆಯೊಬ್ಬರು, "ಲಿಂಗ ಅಂದ್ರೆ ನಮಗೆ ಕೊಳ್ಳಾಗೆ ಕಟ್ಕಳಾದು. ಅದನ್ನ ಗಂಡಸ್ರೂ ಕಟ್ತಾರೆ, ಹೆಂಗಸ್ರೂ ಕಟ್ತೀವಿ. ಅದ್ರಾಗೆ ಭೇದ ಇಲ್ಲ" ಎಂದರು. ಮೈಮೇಲೆ ಧರಿಸುವ ವಸ್ತುಗಳಲ್ಲಿ ಗಂಡು ಹೆಣ್ಣೆಂಬ ಬೇಲಿಯನ್ನು ದಾಟಿದ್ದು ನಮ್ಮ ನಾಡಿನಲ್ಲೇ ಒಂದಿದೆ ಎನ್ನುವುದು ಪುಸ್ತಕ ಓದಿದ ನನಗೆ ಹೊಳೆದಿರಲಿಲ್ಲ. ಭಾರದ ಮಾತು ಹೆಂಗಸರಿಗೆ ಅರ್ಥವಾಗುವುದಿಲ್ಲ ಎನ್ನುವವರು ಒಮ್ಮೆ ನಮ್ಮ ಸಭೆಗೆ ಬರಲಿ.

ಇನ್ನೊಂದು ಸಂಗತಿ. ಸ್ಲೊವಾಕಿನಲ್ಲಿ ನಡೆದುಹೋದದ್ದನ್ನು ಹೇಳುವಾಗ ಮಾತಾಡುವವರು ಗಂಡೋ ಹೆಣ್ಣೋ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಗಂಡು ‘ಬೊಲ್ ಸೊಮ್’ ಎಂದರೆ ಹೆಣ್ಣು ‘ಬೊಲಾ ಸೊಮ್’, ಎರಡರ ಅರ್ಥವೂ ‘ನಾನು ಇದ್ದೆ’. ಕನ್ನಡದ ‘ನಾನು’ ಹಾಗಲ್ಲ, ಗಂಡಿಗೂ ಹೆಣ್ಣಿಗೂ ಒಂದೇ. ಹೆಮ್ಮೆ ಪಡಬಹುದಿತ್ತು. ಆದರೆ ನಮ್ಮ ಭಾಷೆ ಭೇದವನ್ನು ಬಚ್ಚಿಟ್ಟಿರುವುದು ಬೇರೆ ಕಡೆ. ಕೇಂದ್ರಕ್ಕೆ ಬರುವ ಹೆಣ್ಣು ಹೇಳುವುದು ಹೀಗೆ: "ನಮ್ಮ ಯಜಮಾನ್ರು ಸ್ವಲ್ಪ ಕೈ ಮಾಡಿದ್ರು." ಮೊಣಕೈ ಮೂಳೆ ಮುರಿದಿರುತ್ತದೆ. ಮುರಿದವರಿಗೆ ಬಹುವಚನ! ಕರೆಸಿ ಕೇಳಿದರೆ ಅವನ ಉತ್ತರ: "ಬುದ್ಧಿ ಕಲಿಸಿದೆ ಅವಳಿಗೆ." ಅವಳಿಗೆ ಏಕವಚನ. ಇದೇ ವಾಕ್ಯಗಳು ಠಾಣೆಗೆ ಹೋಗುತ್ತವೆ. ಬರೆದುಕೊಳ್ಳುವವರು ಯಜಮಾನರ ಗೌರವಕ್ಕೆ ಧಕ್ಕೆಯಾಗದಂತೆ ‘ಸಂಸಾರದ ಸಣ್ಣಪುಟ್ಟ ಜಗಳ’ ಎಂದು ಬರೆದು ಮುಗಿಸುತ್ತಾರೆ. ದೂರನ್ನು ‘ಅವನು ಹೊಡೆದ’ ಎಂದು ಏಕವಚನದಲ್ಲಿ ಹೇಳಲು ಒಬ್ಬಾಕೆಗೆ ನಮ್ಮ ಕೇಂದ್ರದಲ್ಲಿ ಮೂರು ವಾರ ಬೇಕಾಯಿತು. ಹೇಳಿದ ದಿನ ಆಕೆ ಕೂತ ಭಂಗಿಯೇ ಬದಲಾಗಿತ್ತು. ಸೂರು, ಊಟ, ವಕೀಲರು ಎಲ್ಲ ಆಕೆಗೆ ಬೇಕೇ ಬೇಕು. ಆದರೆ ಆ ಏಕವಚನ ಬಾಯಿಗೆ ಬರುವವರೆಗೂ ಆಕೆ ಅವು ಯಾವುದನ್ನೂ ಕೇಳಿರಲಿಲ್ಲ.

ಪದ ಬದಲಾದರೆ ಕಾನೂನು ಬದಲಾಗುತ್ತದೆ ಎನ್ನಲು ನಮ್ಮಲ್ಲೇ ಪುರಾವೆಯಿದೆ. 1986ರಲ್ಲಿ ‘ವರದಕ್ಷಿಣೆ ಸಾವು’ ಎಂಬ ಪದ ದಂಡಸಂಹಿತೆಗೆ ಸೇರಿತು. ಅದು ಕಡತಕ್ಕೆ ಬರಲಿ ಎಂದು 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ಸುಟ್ಟಗಾಯದ ವಾರ್ಡುಗಳಿಗೆ ಅಲೆದು, ‘ಅಪಘಾತ’ ಎಂದು ಮುಚ್ಚಿದ ಸಾವುಗಳನ್ನು ಒಂದೊಂದಾಗಿ ಪ್ರಶ್ನಿಸಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬೈಗುಳವನ್ನೂ, ದುಡ್ಡು ಕೊಡದೆ ಸತಾಯಿಸುವುದನ್ನೂ ಹಿಂಸೆ ಎಂದು ಹೆಸರಿಸಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿಯೂ ಒಂದು ಪದಪಟ್ಟಿಯೇ. ‘ಪ್ರಚೋದನಕಾರಿ ಉಡುಪು’ ಎನ್ನಬೇಡಿ, ಉಡುಪು ಎಂದರೆ ಸಾಕು. ‘ವಿಧೇಯ ಹೆಂಡತಿ’ ಎನ್ನಬೇಡಿ, ಹೆಂಡತಿ ಎಂದರೆ ಸಾಕು ಎಂದು ಅದು ನ್ಯಾಯಾಧೀಶರಿಗೆ ಹೇಳಿತು. ಎರಡು ಕಾಲಂ, ಮಗಳ ಪಟ್ಟಿಯ ಹಾಗೆಯೇ.

ಕಡೆಯದಾಗಿ ನನ್ನ ಸ್ವಂತದ ಒಂದು ಮಾತು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

1991. ನನಗೆ ಕೆಲಸ ಸಿಕ್ಕ ಹೊಸತು. ನಾನು ಬಾಡಿಗೆಗಿದ್ದ ವಠಾರದ ಕೊನೆಯ ಮನೆಯ ಸೊಸೆ ಒಂದು ಬೆಳಗಿನ ಜಾವ ಸುಟ್ಟುಹೋದಳು. ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಸ್ಕೂಟರ್ ವಿಷಯಕ್ಕೆ ಆ ಮನೆಯಲ್ಲಿ ಜಗಳವಾಗುತ್ತಿದ್ದದ್ದು ವಠಾರಕ್ಕೆಲ್ಲ ಗೊತ್ತಿತ್ತು. ಪೊಲೀಸರು ಬಂದರು. ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳಬೇಕಿತ್ತು. "ಮೇಷ್ಟ್ರಮ್ಮನ ಅಕ್ಷರ ಗುಂಡಗಿದೆ, ಅವರೇ ಬರೀಲಿ" ಎಂದು ಯಾರೋ ಹೇಳಿದರು. ಅವರು ಹೇಳಿದ್ದನ್ನು ನಾನು ಬರೆದೆ: "ಅಡುಗೆ ಮಾಡುವಾಗ ಆಕಸ್ಮಿಕವಾಗಿ ಸ್ಟೋವಿನಿಂದ ಸೀರೆಗೆ ಬೆಂಕಿ ತಗುಲಿ..."

ಆ ವಾಕ್ಯವನ್ನು ನೋಡಿ. ಅದರಲ್ಲಿ ಕರ್ತೃ ಯಾರು? ಸೀರೆಗೆ ಬೆಂಕಿ ತಗುಲಿತು. ತಗುಲಿಸಿದವರಿಲ್ಲ. ತಪ್ಪೆಲ್ಲ ಸೀರೆಯದು, ಹೆಚ್ಚೆಂದರೆ ಸ್ಟೋವಿನದು. ವ್ಯಾಕರಣ ಕಲಿಸುವ ಮೇಷ್ಟರು ನಾನು, ಕರ್ತೃವಿಲ್ಲದ ವಾಕ್ಯವನ್ನು ಗುಂಡಗೆ ಬರೆದು ಸಹಿ ಹಾಕಿದೆ. ಹೆದರಿಕೆಯಿತ್ತು, ಒಬ್ಬಳೇ ಇದ್ದೆ, ಎಲ್ಲ ನಿಜ. ವರದಕ್ಷಿಣೆ ಸಾವು ಎಂಬ ಪದ ಕಾನೂನಿಗೆ ಬಂದು ಆಗಲೇ ಐದು ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ಬರೆಯಲಿಲ್ಲ. ಎರಡು ವರ್ಷದ ಮೇಲೆ ಆ ಮನೆಗೆ ಇನ್ನೊಬ್ಬ ಸೊಸೆ ಬಂದಳು. ಅವಳನ್ನೂ ಎಲ್ಲಿಂದಲೋ ‘ತಂದಿದ್ದರು’.

ಪತ್ರ ಬರೆದ ಓದುಗರೇ, ಪದಗಳು ಸೂರು ಕೊಡುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಒಂದು ಸುಳ್ಳು ವಾಕ್ಯ ಕೊಲೆಗಾರನಿಗೆ ಭದ್ರವಾದ ಸೂರು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಸೂರು ಕಟ್ಟಿದವಳು ನಾನೇ.

ಮಗಳ ಪಟ್ಟಿಯ ಮೂರನೆಯ ಕಾಲಂ ಈಗ ತುಂಬಿದೆ. ಸಂಘದ ಸಭೆಯಲ್ಲಿ ನಾಲ್ಕನೆಯದನ್ನು ಶುರು ಮಾಡಿದ್ದೇವೆ. ‘ಕೊಟ್ಟೆವು’ ಎಂಬುದರ ಎದುರು ‘ಅವಳು ಮದುವೆಯಾದಳು’. ‘ಕೈ ಮಾಡಿದರು’ ಎಂಬುದರ ಎದುರು ‘ಹೊಡೆದ’. ‘ಹೊಂದಿಕೊಂಡು ಹೋಗು’ ಎಂಬುದರ ಎದುರು ಇನ್ನೂ ಏನೂ ಬರೆದಿಲ್ಲ, ಚರ್ಚೆ ನಡೆಯುತ್ತಿದೆ. ‘ಸೀರೆಗೆ ಬೆಂಕಿ ತಗುಲಿ’ ಎಂಬುದರ ಎದುರು ಏನು ಬರೆಯಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ. ನಾನೇ ಎದ್ದು ಹೋಗಿ ಬರೆದು ಬಂದೆ.

ನಿಮ್ಮ ಮನೆಯ, ನಿಮ್ಮೂರಿನ, ನಿಮ್ಮ ಠಾಣೆಯ ಪದಗಳನ್ನು ಬರೆದು ಕಳಿಸಿ ಗೆಳತಿಯರೇ. ಎದುರಿಗೆ ನೀವು ಬರೆಯಬಯಸುವ ಪದವನ್ನೂ ಬರೆಯಿರಿ. ಕರ್ತೃವನ್ನು ಮಾತ್ರ ಬಿಡಬೇಡಿ.